ಕಾಡಿನ ರುಚಿಯಲ್ಲ ಸ್ವಾಮೀ, ರೇಟಿನ ರುಚಿ!

ಹೊಸಪೇಟೆಯವನು ಅಂತ ಹೇಳಿಕೊಂಡರೆ ಬೆಂಗಳೂರಿನ ಆಫೀಸಿನಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಮೊದಲನೆಯದು "ಹಂಪಿ ನಿಮ್ಮನೆಯಿಂದ ಎಷ್ಟು ದೂರ ಗುರೂ?". ಎರಡನೆಯದು, ದನಿ ಸ್ವಲ್ಪ ತಗ್ಗಿಸಿ, "ಆ ಕಡೆ ಕಾಡಿನ ಐಟಂ ಸಿಗುತ್ತಂತೆ, ಹೌದಾ?". ಮೊದಲನೇ ಪ್ರಶ್ನೆಗೆ ಬೇಜಾರಿಲ್ಲದೆ ಉತ್ತರ ಕೊಡ್ತೀನಿ. ಎರಡನೆಯದಕ್ಕೆ ಉತ್ತರ ಕೊಡೋಕೆ ಕಾಫಿ ಬ್ರೇಕು ಸಾಲಲ್ಲ. ಅದಕ್ಕೇ ಈ ಪೋಸ್ಟು.

ಈ ಪ್ರಶ್ನೆ ಕೇಳುವವರ ಹತ್ತಿರ ಸಾಮಾನ್ಯವಾಗಿ ಒಂದು ಪಟ್ಟಿಯೂ ಇರುತ್ತೆ. ಯಾರು ಮೊದಲು ಮಾಡಿದರೋ ಆ ದೇವರಿಗೇ ಗೊತ್ತು, ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ. ಕೌಜುಗ ಒಂದನೇ ರ‍್ಯಾಂಕು. ಲಾವಕ್ಕಿ ಎರಡು. ಮೊಲ ಮೂರು. ಕಾಡುಹಂದಿ ನಾಲ್ಕು, "ಚರ್ಬಿ ಇರೋ ಪೀಸ್ ಸಿಕ್ಕರೆ ಒಂದು" ಅನ್ನೋ ಷರಾ ಸಮೇತ. ಚಿಗರಿ ಬಗ್ಗೆ ಮಾತಾಡುವಾಗ ಮಾತ್ರ ಅಕ್ಕಪಕ್ಕ ನೋಡ್ತಾರೆ. ಪಟ್ಟಿಯ ಕೊನೆಗೆ, ಬೇಕಾದರೆ ಇರಲಿ ಅನ್ನೋ ಹಾಗೆ, ಹೊಳೆ ಮೀನು.

ಮೊದಲೇ ಒಂದು ಮಾತು. ನಾನು ಸಸ್ಯಾಹಾರದ ಉಪದೇಶ ಮಾಡೋಕೆ ಬಂದಿಲ್ಲ. ಮನೆಯಲ್ಲಿ ಭಾನುವಾರ ಅಂದ್ರೆ ಮಟನ್ನು, ಮಧ್ಯದಲ್ಲಿ ಮನಸ್ಸಾದರೆ ಮೀನು. ಪ್ರಾಣಿ ಕೊಲ್ಲೋದೇ ಪಾಪ ಅನ್ನುವವರ ವಾದ ಬೇರೆ, ಅದನ್ನ ಅವರು ಮಾಡಲಿ. ನನ್ನ ತಕರಾರು ಈ ಪಟ್ಟಿಯ ಮೇಲೆ, ರುಚಿಯ ಹೆಸರಲ್ಲಿ ಅದು ಹೇಳುವ ಸುಳ್ಳಿನ ಮೇಲೆ. ಕಾಡುಮಾಂಸದ ರುಚಿ ಅಂತ ಇವರು ಹೊಗಳುತ್ತಿರೋದು ರುಚಿಯನ್ನಲ್ಲ, ರೇಟನ್ನ. ಸಿಗೋದಿಲ್ಲ, ಕಾನೂನು ಬಿಡೋದಿಲ್ಲ, ಎಲ್ಲರಿಗೂ ದಕ್ಕೋದಿಲ್ಲ. ಈ ಮೂರು "ಇಲ್ಲ"ಗಳನ್ನ ಬೇಯಿಸಿ ತಿಂದು "ಆಹಾ" ಅಂತಾರೆ, ಅಷ್ಟೇ.

ಯಾಕೆ ಹೀಗೆ ಹೇಳ್ತೀನಿ ಅಂದ್ರೆ, ಇದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ.

1520ರ ಆಸುಪಾಸಿನಲ್ಲಿ ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಅವನು ಬರೆದಿಟ್ಟದ್ದನ್ನ ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ. ಅದರಲ್ಲಿ ವಜ್ರ ವೈಡೂರ್ಯದ ಭಾಗವನ್ನ ಎಲ್ಲರೂ ಓದಿರ್ತಾರೆ, ಟೂರಿಸ್ಟ್ ಗೈಡುಗಳೂ ಅದನ್ನೇ ಹೇಳೋದು. ಕೋಳಿ, ಹಕ್ಕಿ, ಮೊಲಗಳ ಭಾಗವನ್ನ ಯಾರೂ ಓದಲ್ಲ. ಅಲ್ಲಿ ಪಾಯಸ್ ಕೌಜುಗದ ಜಾತಿಯ ಹಕ್ಕಿಗಳನ್ನೇ ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಂದಕ್ಕೆ ಕಾಲಲ್ಲಿ ಸಣ್ಣ ಮುಳ್ಳು. ಇನ್ನೊಂದಕ್ಕೆ ಒಂದೊಂದು ಕಾಲಲ್ಲೂ ಎರಡೆರಡು ಚೂಪಾದ ಉದ್ದ ಮುಳ್ಳು. ಮೂರನೆಯದು ಬಣ್ಣ ಬಳಿದಂತಿರುವ ಹಕ್ಕಿ, ಪೇಟೆ ತುಂಬಾ ಅದೇ. ಜೊತೆಗೆ ಲಾವಕ್ಕಿ, ಮೊಲ, ಕೆರೆಯ ಬಾತುಗಳು. ಎಲ್ಲವನ್ನೂ ಜೀವಂತ ಮಾರುತ್ತಿದ್ದರಂತೆ. ರೇಟು? ಒಂದು ವಿಂತೆಂಗೆ ಆರೋ ಎಂಟೋ ಕೌಜುಗ. ವಿಂತೆಂ ಅಂದ್ರೆ ಪೋರ್ಚುಗೀಸರ ಒಂದು ಚಿಲ್ಲರೆ ನಾಣ್ಯ. ಅದೇ ಚಿಲ್ಲರೆಗೆ ಮೊಲ ಎರಡು, ಕೆಲವೊಮ್ಮೆ ಒಂದು. ತುಂಬಾ ಅಗ್ಗ ಅಂತ ಅವನೇ ಹೇಳ್ತಾನೆ.

ಗಮನಿಸಿ. ನಿಮ್ಮ ಪಟ್ಟಿಯ ಒಂದನೇ ರ‍್ಯಾಂಕಿನ ಹಕ್ಕಿ ಅವತ್ತು ಚಿಲ್ಲರೆ ಕಾಸಿಗೆ ಅರ್ಧ ಡಜನ್ನು! ಪಾಯಸ್ ಬೆಲೆ ಹೇಳ್ತಾನೆ, ಬಗೆ ಹೇಳ್ತಾನೆ, "ಸ್ವರ್ಗದ ರುಚಿ" ಅಂತ ಎಲ್ಲೂ ಕುಣಿಯೋದಿಲ್ಲ. ಸೊಪ್ಪಿನ ಕಟ್ಟಿನ ಹಾಗೆ ಸಿಗೋ ಪದಾರ್ಥಕ್ಕೆ ಯಾರು ಕುಣೀತಾರೆ?

1535ರ ಹೊತ್ತಿಗೆ ಬರೆದ ಫೆರ್ನಾವೊ ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿನ ಅರಸರು ದನದ ಮಾಂಸ ಒಂದು ಬಿಟ್ಟು ಎಲ್ಲವನ್ನೂ ತಿನ್ನುತ್ತಾರೆ ಅಂತ ಬರೆದು ದೊಡ್ಡ ಪಟ್ಟಿಯನ್ನೇ ಕೊಡ್ತಾನೆ. ಕುರಿ, ಹಂದಿ, ಜಿಂಕೆ, ಕೌಜುಗ, ಮೊಲ, ಬೆಳವ, ಲಾವಕ್ಕಿ. ಅಲ್ಲಿಗೇ ನಿಲ್ಲಲ್ಲ. ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವು ಕೂಡ ಪೇಟೆಯಲ್ಲಿ ಮಾರಾಟಕ್ಕಿದ್ದವು ಅಂತಾನೆ. ಹಂಪಿ ಅಂದ್ರೆ ಬರೀ ಮಡಿ, ಮಂತ್ರ, ಪುಳಿಯೋಗರೆ ಅಂದುಕೊಂಡವರು ಒಮ್ಮೆ ಇದನ್ನ ಓದಬೇಕು. ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಬೇಟೆಯ ಸಾಲು ಸಾಲು ಚಿತ್ರ ಕೆತ್ತಿದವರು ಸಂಜೆ ಪಲ್ಯ ತಿಂದು ಮಲಗುತ್ತಿರಲಿಲ್ಲ :-)

ಇನ್ನೂ ನಾಲ್ಕು ಶತಮಾನ ಹಿಂದೆ ಹೋಗಿ. ಈ ಸೀಮೆಯನ್ನೂ ಸೇರಿಸಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ರಾಜನ ಊಟಕ್ಕೇ ಒಂದು ಅಧ್ಯಾಯ, ಬೇಟೆಗೆ ಒಂದು, ಮೀನು ಹಿಡಿಯೋ ಆಟಕ್ಕೇ ಇನ್ನೊಂದು. ಹಂದಿ, ಜಿಂಕೆ, ಆಮೆ ಎಲ್ಲ ಇದೆ. ಹೊಲದಲ್ಲೂ ಹೊಳೆದಂಡೆಯಲ್ಲೂ ಹುಟ್ಟಿ ಬೆಳೆದ ಕರಿ ಇಲಿಯನ್ನ ಹೇಗೆ ಹದ ಮಾಡಬೇಕು ಅನ್ನೋದೂ ಇದೆ. ರಾಜನ ಊಟ ಸ್ವಾಮೀ, ರಾಜನ ಊಟ!

ಈಗ ನನ್ನದೊಂದು ಸಣ್ಣ ಪರೀಕ್ಷೆ. "ನಮ್ಮ ಸಂಸ್ಕೃತಿ, ನಮ್ಮ ಪರಂಪರೆ, ನಮ್ಮ ತಾತ ತಿಂದದ್ದು" ಅಂತ ಕೌಜುಗಕ್ಕೆ ವಾದ ಮಾಡುವವರಿಗೆ. ಕಂಪ್ಲಿ, ಗಂಗಾವತಿ ಕಡೆ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಗದ್ದೆಯಲ್ಲಿ ಇಲಿ. ಕಾಳು ತಿಂದು ಬೆಳೆದದ್ದು. ಪೂರ್ತಿ ಕಾಡುಜೀವಿ, ಯಾರೂ ಸಾಕಿದ್ದಲ್ಲ. ಹಿಡಿದರೆ ರೈತನಿಗೆ ಉಪಕಾರ. ಕಾನೂನಿನ ಅಡ್ಡಿಯೂ ಇಲ್ಲ, ವನ್ಯಜೀವಿ ಕಾಯ್ದೆ ಅದನ್ನ ಮೊದಲು ಉಪದ್ರವಿಗಳ ಪಟ್ಟಿಯಲ್ಲೇ ಇಟ್ಟಿತ್ತು. ಚಾಲುಕ್ಯ ಚಕ್ರವರ್ತಿಯ ಸರ್ಟಿಫಿಕೇಟು ಬೇರೆ ಇದೆ. ಹಿಡಿದು ಸುಟ್ಟು ತಿನ್ನುವ ಬಡವರೂ ಇದ್ದಾರೆ. ಆದರೆ ಬೆಂಗಳೂರಿನಿಂದ ಒಬ್ಬನಾದರೂ ಕಾರು ಮಾಡಿಕೊಂಡು ಬಂದು "ಗದ್ದೆ ಇಲಿ ಸಿಗುತ್ತಾ ಗುರೂ?" ಅಂತ ಕೇಳಿದ್ದುಂಟಾ? ಇಲ್ಲ. ಯಾಕೆಂದ್ರೆ ಇಲಿ ಅಗ್ಗ. ಇಲಿ ತಿಂದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಮರ್ಯಾದೆ ಹೋಗುತ್ತೆ. ಕೌಜುಗ ತಿಂದೆ ಅಂದ್ರೆ ಮರ್ಯಾದೆ ಬರುತ್ತೆ. ಹಾಗಾದ್ರೆ ನಾಲಿಗೆ ಹುಡುಕುತ್ತಿರೋದು ಏನನ್ನ? ಪರಂಪರೆಯನ್ನಾ, ರುಚಿಯನ್ನಾ, ಮರ್ಯಾದೆಯನ್ನಾ?

"ಆಯ್ತಪ್ಪಾ, ಇತಿಹಾಸ ಬಿಡು, ತಿಂದು ನೋಡಿದರೆ ಗೊತ್ತಾಗುತ್ತೆ, ಕಾಡಿನದ್ದೇ ಬೇರೆ" ಅಂತೀರಾ? ಸರಿ, ರುಚಿಯ ಮಾತೇ ಆಡೋಣ.

ಮಾಂಸದ ರುಚಿ ಆಕಾಶದಿಂದ ಉದುರಲ್ಲ. ಪ್ರಾಣಿ ಏನು ತಿಂತು, ಎಷ್ಟು ಓಡಾಡಿತು, ಎಷ್ಟು ವಯಸ್ಸಾಗಿತ್ತು, ಹೇಗೆ ಸತ್ತಿತು, ಸತ್ತ ಮೇಲೆ ಎಷ್ಟು ಹೊತ್ತು ಹೇಗೆ ಇಟ್ಟರು, ಇಷ್ಟರಲ್ಲೇ ಬಹುಪಾಲು ತೀರ್ಮಾನ ಆಗಿಹೋಗುತ್ತೆ. ಕಾಡಿನ ಮೊಲದ ಮಾಂಸ ಕಡುಗೆಂಪು. ಸದಾ ಓಡುವ ಸ್ನಾಯುವಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ ಬೇಕು, ಅದರ ಬಣ್ಣ ಅದು. ಗೂಡಿನಲ್ಲಿ ಸಾಕಿದ ಮೊಲದ ಮಾಂಸ ಕೋಳಿಯ ಹಾಗೆ ಬಿಳಿ. ಕೌಜುಗ, ಲಾವಕ್ಕಿಗಳು ಹೆಚ್ಚಾಗಿ ನೆಲದ ಮೇಲೇ ಓಡಾಡ್ತವೆ, ಹೆದರಿದಾಗ ಬುರ್ರಂತ ಎದ್ದು ಸ್ವಲ್ಪ ದೂರ ಹಾರಿ ಇಳೀತವೆ. ಎದೆಯ ಮಾಂಸ ಆ ಒಂದು ಗಳಿಗೆಯ ಹಾರಾಟಕ್ಕೆ ಮಾತ್ರ. ಅದಕ್ಕೇ ಅದು ಬಣ್ಣದಲ್ಲಿ ಬೆಳವಕ್ಕಿಂತ ಕೋಳಿಗೇ ಹತ್ತಿರ. ಬೆಳವ ದೂರ ಹಾರುವ ಹಕ್ಕಿ, ಅದರ ಎದೆ ಕಪ್ಪು. ಅಂದ್ರೆ ನಿಮ್ಮ ಒಂದನೇ ರ‍್ಯಾಂಕಿನ ಕೌಜುಗ ಯಾಕೆ ನಾಟಿ ಕೋಳಿಯ ನೆನಪು ತರುತ್ತೆ ಅಂತ ಗೊತ್ತಾಯ್ತಲ್ಲ. ಎರಡೂ ಒಂದೇ ಕುಟುಂಬದ ಹಕ್ಕಿಗಳು!

ಕಾಡುಪ್ರಾಣಿಗೆ ಕೊಬ್ಬು ಕಡಿಮೆ, ನಾರು ಜಾಸ್ತಿ. ಸುಟ್ಟರೆ ಒಣಗಿ ಕಟ್ಟಿಗೆ ಆಗುತ್ತೆ. ಅದಕ್ಕೇ ನಮ್ಮ ಕಡೆ ಏನು ಮಾಡ್ತಾರೆ? ಒಣಕೊಬ್ಬರಿ, ಗಸಗಸೆ, ಧನಿಯಾ, ಲವಂಗ, ಚೆಕ್ಕೆ, ಬೆಳ್ಳುಳ್ಳಿ, ಮೇಲೆ ಕಣ್ಣಲ್ಲಿ ನೀರು ಬರೋ ಅಷ್ಟು ಕೆಂಪು ಖಾರ. ಎರಡು ತಾಸು ಬೇಯಿಸಿ ಜೋಳದ ರೊಟ್ಟಿ ಜೊತೆ ಕೊಡ್ತಾರೆ. ಆ ಮಸಾಲೆಗೆ ಬದನೆಕಾಯಿ ಹಾಕಿದರೂ ನೀವು "ಆಹಾ" ಅಂತೀರಿ. ಮಸಾಲೆ ರುಬ್ಬಿದ ಅವ್ವನಿಗೆ ಸೇರಬೇಕಾದ ಮಾರ್ಕ್ಸನ್ನ ಪೊದೆಯಲ್ಲಿದ್ದ ಹಕ್ಕಿಗೆ ಕೊಡೋದು ಯಾವ ನ್ಯಾಯ?

ಇನ್ನು ಹೇಗೆ ಸತ್ತಿತು ಅನ್ನೋ ಪ್ರಶ್ನೆ. ಇದನ್ನ ಪಟ್ಟಿಗಾರರು ಮರೆತೂ ಕೇಳೋದಿಲ್ಲ. ಪ್ರಾಣಿ ನೆಮ್ಮದಿಯಿಂದಿದ್ದು ಥಟ್ಟನೆ ಸತ್ತರೆ ಸ್ನಾಯುವಿನಲ್ಲಿರುವ ಗ್ಲೈಕೋಜನ್ ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತೆ. ಆ ಸಣ್ಣ ಹುಳಿಯೇ ಮಾಂಸಕ್ಕೆ ಒಳ್ಳೆ ಬಣ್ಣ, ಹದ, ಬಾಳಿಕೆ ಕೊಡೋದು. ನಾಯಿ ಬಿಟ್ಟು ಮೈಲಿಗಟ್ಟಲೆ ಓಡಿಸಿದ ಪ್ರಾಣಿ, ಉರುಳಿನಲ್ಲಿ ಸಿಕ್ಕಿ ರಾತ್ರಿಯಿಡೀ ಒದ್ದಾಡಿದ ಪ್ರಾಣಿ ಆ ಗ್ಲೈಕೋಜನ್ನನ್ನ ಸಾಯೋ ಮುಂಚೆಯೇ ಖರ್ಚು ಮಾಡಿಬಿಟ್ಟಿರುತ್ತೆ. ಅಂಥ ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದಂತೆ ಇರುತ್ತೆ, ಬೇಗ ಕೆಡುತ್ತೆ. ಕಸಾಯಿಖಾನೆಯಲ್ಲಿ ದನಕರು ಕುರಿಗಳಲ್ಲಿ ಇದು ಕಂಡುಬಂದರೆ ದೋಷ ಅಂತ ಬೆಲೆ ಇಳಿಸ್ತಾರೆ. ಅದೇ ದೋಷವನ್ನ ನಮ್ಮವರು "ಗೇಮ್ ಫ್ಲೇವರ್" ಅಂತ ಮೂರು ಪಟ್ಟು ಕೊಟ್ಟು ತಿಂತಾರೆ. ಪ್ರಾಣಿಯ ಹೆದರಿಕೆಯನ್ನ ತಿಂದು ಅದಕ್ಕೆ ಕಾಡಿನ ಸೊಗಡು ಅಂತ ಹೆಸರಿಡೋದು ಇದೊಂದೇ ಅಡುಗೆಮನೆಯಲ್ಲಿ.

ಹಂದಿಯ ಕಥೆ ಇನ್ನೂ ಮಜಾ. ಬಲಿತ ಗಂಡುಹಂದಿಯ ಕೊಬ್ಬಿನಲ್ಲಿ ಆಂಡ್ರೋಸ್ಟೀನೋನ್ ಅನ್ನೋ ವಸ್ತು ಸೇರಿರುತ್ತೆ. ಕೆಲವರಿಗೆ ಅದು ಬೆವರು, ಮೂತ್ರದ ವಾಸನೆ. ಕೆಲವರಿಗೆ ಸಿಹಿ ಸಿಹಿ. ಇನ್ನು ಕೆಲವರಿಗೆ ಏನೂ ಗೊತ್ತೇ ಆಗಲ್ಲ. ಮೂಗಿನ ಒಂದು ಗ್ರಾಹಕದ ಜೀನು ಇದಕ್ಕೆ ಬಹುಮಟ್ಟಿಗೆ ಕಾರಣ ಅಂತ 2007ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದ ಮೇಲೆ ಒಂದೇ ತಟ್ಟೆಯ ಹಂದಿಮಾಂಸ ತಿಂದ ನಾಲ್ಕು ಜನ ನಾಲ್ಕು ರುಚಿ ತಿಂದಿರ್ತಾರೆ. ಇದರ ಮೇಲೆ ಯಾವ ರ‍್ಯಾಂಕು, ಯಾವ ಪಟ್ಟಿ?

ಇದೆಲ್ಲ ಕಾಡಿನದ್ದೇ ಮಾಂಸ ತಟ್ಟೆಗೆ ಬಂತು ಅಂದುಕೊಂಡು ಹೇಳಿದ್ದು. ಕಳ್ಳ ವ್ಯಾಪಾರದಲ್ಲಿ ರಸೀದಿ ಇರಲ್ಲ, ವಾಪಸ್ ಮಾಡೋಕೆ ಆಗಲ್ಲ, ಗ್ರಾಹಕರ ವೇದಿಕೆಗೆ ಹೋಗಿ "ನನಗೆ ಕೌಜುಗ ಅಂತ ಹೇಳಿ ಫಾರ್ಮಿನ ಹಕ್ಕಿ ಕೊಟ್ಟರು" ಅಂತ ದೂರು ಕೊಡೋಕಂತೂ ಆಗಲ್ಲ. ಮೋಸ ಮಾಡೋಕೆ ಇದಕ್ಕಿಂತ ಒಳ್ಳೆ ವ್ಯಾಪಾರ ಬೇರೆ ಇದೆಯಾ? ಸಾಕಿದ ಜಪಾನಿ ಲಾವಕ್ಕಿ, ಊರುಹಂದಿ, ಸಾಕಿದ ಮೊಲ, ಎಲ್ಲವೂ ಆ ಖಾರದ ಸಾರಿನಲ್ಲಿ ಮುಳುಗಿದ ಮೇಲೆ ಕಾಡಿನವೇ.

ಇಲ್ಲಿ ಜನ್ನ ನೆನಪಾಗ್ತಾನೆ. 1209ರಲ್ಲಿ ಬರೆದ 'ಯಶೋಧರ ಚರಿತೆ'ಯನ್ನ ಪಠ್ಯದಲ್ಲಾದರೂ ಓದಿರ್ತೀರಿ. ಯಶೋಧರ ಬಲಿಕೊಟ್ಟದ್ದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ತಾಯಿಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಫಾರ್ಮಿನ ಹಕ್ಕಿಯನ್ನ ಕೌಜುಗ ಅಂದುಕೊಂಡು ತಿಂದವನ ಗತಿಯೂ ಅದೇ. ದುಡ್ಡೂ ಹೋಯ್ತು, ರುಚಿಯೂ ಸುಳ್ಳು, ಪಾಪ ಮಾತ್ರ ಒರಿಜಿನಲ್ :-) ಆದರೆ ಇದು ಬರೀ ತಮಾಷೆ ಅಲ್ಲ. ಕಳ್ಳ ಮಾಲು ಕೇಳುವವರು ಇದ್ದಾರೆ ಅನ್ನೋ ಸುದ್ದಿಯೇ ಉರುಳು ಹಾಕಿಸೋದು. ನಿಮ್ಮ ತಟ್ಟೆಗೆ ಬಂದದ್ದು ನಕಲಿ ಆದರೂ, ನಿಮ್ಮ "ಸಿಗುತ್ತಾ?" ಅನ್ನೋ ಪ್ರಶ್ನೆ ಅಸಲಿ.

ಈಗ ಗಂಭೀರ ವಿಷಯಕ್ಕೆ ಬರ್ತೀನಿ. "ಬೇಟೆ ನಮ್ಮ ಜನರ ಹಕ್ಕು, ಆದಿಯಿಂದ ಬಂದದ್ದು" ಅನ್ನೋ ವಾದ ಇದೆಯಲ್ಲ, ಅದನ್ನ ಮಾಡುವವರು ಯಾರು ನೋಡಿ. ಬೇಟೆಯನ್ನೇ ನಂಬಿ ಬದುಕಿದವರಲ್ಲ. ಈ ಸೀಮೆಯಲ್ಲಿ ಬೇಡರಿದ್ದಾರೆ, ಕಂಪಿಲಿಯ ಗಂಡುಗಲಿ ಕುಮಾರರಾಮನನ್ನ ದೇವರ ಹಾಗೆ ನಡೆಸಿಕೊಂಡು ಬಂದವರು. ಉತ್ತರ ಕರ್ನಾಟಕದ ಊರೂರಲ್ಲಿ ಹರಣಶಿಕಾರಿಗಳಿದ್ದಾರೆ, ಇತ್ತ ಹಕ್ಕಿಪಿಕ್ಕಿಗಳಿದ್ದಾರೆ, ಹೆಸರಲ್ಲೇ ಬೇಟೆ ಇಟ್ಟುಕೊಂಡವರು. ಇಂಥ ಎಷ್ಟೋ ಅಲೆಮಾರಿ ಸಮುದಾಯಗಳನ್ನ ಬ್ರಿಟಿಷರು 1871ರ ಕಾಯ್ದೆಯಲ್ಲಿ ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದುಬಿಟ್ಟರು. ಆ ಹಣೆಪಟ್ಟಿ ಕಿತ್ತುಹಾಕೋಕೆ 1952 ಬರಬೇಕಾಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಮೊದಲು ಲೈಸೆನ್ಸ್ ತಗೊಂಡು ಬೇಟೆಯಾಡೋಕೆ ಅವಕಾಶ ಇತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಸರಿಯಾದ್ದೇ. ಆದರೆ ಬೇಟೆಯೊಂದೇ ಗೊತ್ತಿದ್ದವನಿಗೆ ಬದಲಿ ಬದುಕು ಎಷ್ಟು ಕೊಟ್ಟೆವು ಅನ್ನೋ ಪ್ರಶ್ನೆ ಹಾಗೇ ಉಳೀತು.

ಇವತ್ತಿನ ಲೆಕ್ಕ ಏನು ಗೊತ್ತಾ? ಕೊಲ್ಲೋದು, ಮಾರೋದು, ಮಾಂಸ ಇಟ್ಟುಕೊಳ್ಳೋದು ಎಲ್ಲವೂ ಅಪರಾಧ, ಜೈಲೂ ಉಂಟು ದಂಡವೂ ಉಂಟು. ಪೇಪರಿನ ಮೂಲೆಯಲ್ಲಿ ಬರೋ ಸುದ್ದಿ ನೋಡಿ. ಬಲೆ, ಉರುಳು, ಸತ್ತ ಮೊಲದ ಮುಂದೆ ತಲೆ ತಗ್ಗಿಸಿ ಕೂತಿರೋ ಲುಂಗಿ ಉಟ್ಟ ಇಬ್ಬರು. ಆರ್ಡರು ಕೊಟ್ಟವನ ಫೋಟೋ ಎಂದಾದರೂ ನೋಡಿದ್ದೀರಾ? ಅವನು ಭಾನುವಾರ ಸಂಜೆ ಕಾರು ಹತ್ತಿ ಹೋಗಿರ್ತಾನೆ. ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ವೀಕೆಂಡ್ ಹೇಗಿತ್ತು ಅಂದ್ರೆ "ಸೂಪರ್, ಟೇಸ್ಟೇ ಬೇರೆ" ಅಂತಾನೆ. ಒಬ್ಬನ ರುಚಿಗೆ ಇನ್ನೊಬ್ಬನ ಜೈಲು. ಇದನ್ನ ಬುಡಕಟ್ಟಿನ ಹಕ್ಕಿನ ಹೆಸರಲ್ಲಿ ಸಮರ್ಥಿಸಿದರೆ ಕೇಳೋಕೆ ನಾಚಿಕೆಯಾಗುತ್ತೆ.

ಇನ್ನೊಂದು ವಾದ ಸಂಡೂರಿನ ಕಡೆಯಿಂದ ಬರುತ್ತೆ. "ಗುಡ್ಡಗಳನ್ನೇ ಅಗೆದು ಲಾರಿಯಲ್ಲಿ ತುಂಬಿ ಕಳಿಸಿದರಲ್ಲ, ಅವಾಗ ಎಲ್ಲಿದ್ದಿರಿ? ಒಂದು ಮೊಲ ತಿಂದ್ರೆ ತಪ್ಪಾ?" ಇದರಲ್ಲಿ ಅರ್ಧ ಸತ್ಯ ಇದೆ, ಒಪ್ಪಲೇಬೇಕು. ಸಂಡೂರಿನ ಗುಡ್ಡಗಳಿಗೆ ಗಣಿ ಮಾಡಿದ್ದನ್ನ ಸಾವಿರ ಬೇಟೆಗಾರರು ಸೇರಿದರೂ ಮಾಡೋಕಾಗ್ತಿರಲಿಲ್ಲ. ರಸ್ತೆ ಬದಿಯ ಗಿಡಗಳೆಲ್ಲ ಕೆಂಪು ಧೂಳು ಹೊದ್ದು ನಿಂತದ್ದನ್ನ ನಾವೆಲ್ಲ ಕಣ್ಣಾರೆ ಕಂಡವರು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯ್ತು. ಪೊದೆ ಇಲ್ಲದ ಮೇಲೆ ಕೌಜುಗ ಎಲ್ಲಿ ಮೊಟ್ಟೆ ಇಡಬೇಕು?

ಆದರೆ ಈ ವಾದದ ತುದಿ ಎಲ್ಲಿಗೆ ಹೋಗುತ್ತೆ ನೋಡಿ. ಮನೆಗೆ ಬೆಂಕಿ ಬಿದ್ದಿದೆ, ಹಾಗಾಗಿ ಉಳಿದ ಪಾತ್ರೆ ನಾನು ಹೊತ್ತುಕೊಂಡು ಹೋಗ್ತೀನಿ ಅಂದ ಹಾಗಾಯ್ತು. ಗುಡ್ಡ ಹೋದದ್ದಕ್ಕೇ ಉಳಿದ ಕುರುಚಲು ಕಾಡಿಗೆ ಬೆಲೆ ಜಾಸ್ತಿ. ದರೋಜಿ ಕರಡಿಧಾಮ 1994ರಲ್ಲಿ ಆಯ್ತು. ಹೆಸರು ಕರಡಿಯದ್ದು, ಆದರೆ ಆ ಬಂಡೆಗಳ ನಡುವೆ ಕಾಣಸಿಗೋ ಪೇಂಟೆಡ್ ಸ್ಪರ್‌ಫೌಲ್ ಅನ್ನೋ ಹಕ್ಕಿಯನ್ನ ನೋಡೋಕೆ ಜನ ಎಲ್ಲೆಲ್ಲಿಂದಲೋ ಕ್ಯಾಮೆರಾ ಹೊತ್ತು ಬರ್ತಾರೆ. ಅದರ ಗಂಡಿನ ಕಾಲಲ್ಲಿ ಒಂದಕ್ಕಿಂತ ಹೆಚ್ಚು ಮುಳ್ಳು. ಪಾಯಸ್ ಹೇಳಿದ ಎರಡು ಮುಳ್ಳಿನ ಹಕ್ಕಿ ಇದೇ ಇರಬೇಕು ಅಂತ ನನಗನಿಸುತ್ತೆ. ಐನೂರು ವರ್ಷದ ಹಿಂದೆ ಪೇಟೆಯಲ್ಲಿ ಬುಟ್ಟಿಗಟ್ಟಲೆ ಬಿದ್ದಿದ್ದ ಜೀವ, ಇವತ್ತು ಬೆಳಗಿನ ಜಾವ ಉಸಿರು ಬಿಗಿಹಿಡಿದು ಕೂತರೆ ಒಂದೋ ಎರಡೋ ಕಾಣುತ್ತೆ. ಇದನ್ನೂ ತಿಂದು "ಏಳೂವರೆ ಬೈ ಹತ್ತು" ಅಂತ ರೇಟಿಂಗ್ ಕೊಡಬೇಕಾ?

ನಮ್ಮ ಕಡೆಯ ಪ್ರತಿ ಮಗುವೂ ಒಂದು ಕಥೆ ಕೇಳಿ ಬೆಳೆದಿರುತ್ತೆ. ಬೇಟೆಗೆ ಹೋದಾಗ ಮೊಲವೊಂದು ಹೆದರಿ ಓಡೋ ಬದಲು ನಾಯಿಗಳನ್ನೇ ಅಟ್ಟಿಸಿಕೊಂಡು ಬಂತು, ಈ ನೆಲದಲ್ಲಿ ಗಂಡುತನ ಇದೆ ಅಂತ ಅಲ್ಲೇ ರಾಜಧಾನಿ ಕಟ್ಟಿದರು ಅಂತ. ನೂನಿಜ್ ಕೂಡ ಈ ಕಥೆ ಕೇಳಿ ಬರೆದುಕೊಂಡಿದ್ದಾನೆ. ಕಥೆ ನಿಜವೋ ಸುಳ್ಳೋ, ಒಂದು ಸಾಮ್ರಾಜ್ಯದ ಹುಟ್ಟಿಗೆ ಮೊಲವನ್ನ ಸಾಕ್ಷಿ ಮಾಡಿದ ಊರಿದು. ಆ ಮೊಲದ ಸಂತತಿಗೆ ನಾವು ಕೊಟ್ಟ ಮರ್ಯಾದೆ ಮೂರನೇ ರ‍್ಯಾಂಕು!

ಸರಿ, ಪಟ್ಟಿಯ ಕೊನೆಗೆ ಬರೋಣ. ಹೊಳೆ ಮೀನು. ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ.

ನಿಜವಾದ ಕಾಡುರುಚಿ, ಹೋಲಿಸಿ ನೋಡಬಹುದಾದ, ಕಾನೂನಿನ ಪ್ರಕಾರ ಕೊಳ್ಳಬಹುದಾದ, ಕಣ್ಣೆದುರು ಜೀವಂತ ನೋಡಿ ತಗೊಳ್ಳಬಹುದಾದ ರುಚಿ ಅಂತ ನಮ್ಮ ಸೀಮೆಯಲ್ಲಿ ಉಳಿದಿರೋದೇ ತುಂಗಭದ್ರೆಯಲ್ಲಿ. ಅದನ್ನ ಕೊನೆಗೆ ಹಾಕಿದ್ದಾರೆ. ಸೋಮೇಶ್ವರನ ಮತ್ಸ್ಯವಿನೋದದಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನಿನ ಹೆಸರಿದೆ, ಯಾವುದಕ್ಕೆ ಯಾವ ಮೇವು ಹಾಕಿ ಗಾಳಕ್ಕೆ ಸೆಳೆಯಬೇಕು ಅನ್ನೋದೂ ಇದೆ. ಸುಂದರಲಾಲ್ ಹೋರಾ ಅನ್ನೋ ದೊಡ್ಡ ಮೀನುವಿಜ್ಞಾನಿ 1951ರಲ್ಲಿ ಅದರ ಮೇಲೇ ಲೇಖನ ಬರೆದರು. ಈಗ ಪಟ್ಟಿಗಾರರನ್ನ ಕೇಳಿ, ತುಂಗಭದ್ರೆಯ ಐದು ಮೀನಿನ ಹೆಸರು ಹೇಳಿ ಅಂತ. ಎರಡಕ್ಕೆ ನಿಲ್ತಾರೆ, ಅವೆರಡೂ ಇಲ್ಲಿಯವಲ್ಲ.

ಕೊರಮೀನು ತಗೊಳ್ಳಿ. ಮಲೆನಾಡಿನವರು ಕೊರವ ಅಂತಾರೆ. ಗಾಳಿಯನ್ನೇ ನೇರ ಉಸಿರಾಡಬಲ್ಲ ಮೀನು, ಹಾಗಾಗಿ ಸಂತೆಯಲ್ಲಿ ತೊಟ್ಟಿಯೊಳಗೆ ಜೀವಂತ ಸಿಗುತ್ತೆ, ಪಾಯಸ್ ಕಂಡ ಪೇಟೆಯ ಹಾಗೆ. ಬಿಗಿ ಮಾಂಸ, ಸಣ್ಣ ಮುಳ್ಳಿನ ಕಾಟ ಇಲ್ಲ. ಬಾಳೆ ಮೀನು ಮೆತ್ತಗೆ, ಜಿಡ್ಡಿನ ಮೀನು, ದೊಡ್ಡ ತುಂಡು ಮಾಡಿ ಸಾರಿಗೆ ಹಾಕಿದರೆ ಸಾರೇ ದಪ್ಪ ಆಗುತ್ತೆ. ಹಾವುಮೀನು ಇನ್ನೊಂದೇ ಲೋಕ. ಕಲ್ಲಿನ ಸಂದಿಯ ಏಡಿ ಬೇರೆ, ಸಣ್ಣ ಮೀನನ್ನ ತಲೆ ಸಮೇತ ಹುರಿದದ್ದು ಬೇರೆ. ಗೆಂಡೆ ಜಾತಿಯವು ಸಿಹಿ, ಆದರೆ ಕವಲು ಮುಳ್ಳುಗಳು ಜಾಸ್ತಿ, ತಿನ್ನೋಕೆ ತಾಳ್ಮೆ ಬೇಕು. ಹೋಲಿಸೋದು ಅಂದ್ರೆ ಇದು. ಒಂದೊಂದಕ್ಕೂ ಹೇಳೋಕೆ ಒಂದು ಮಾತಿದೆ.

"ಹೊಳೆ ಮೀನು ಕೆಸರು ವಾಸನೆ" ಅಂತ ಮೂಗು ಮುರೀತಾರಲ್ಲ, ಅದರ ಗುಟ್ಟೂ ಕೇಳಿ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನೋ ವಸ್ತು. ನೀರಿನ, ಮಣ್ಣಿನ ಸೂಕ್ಷ್ಮಜೀವಿಗಳು ಮಾಡೋದು. ಮೊದಲ ಮಳೆಗೆ ನೆಲದಿಂದ ಏಳುತ್ತಲ್ಲ ಮಣ್ಣಿನ ಘಮ, ನೀವೆಲ್ಲ ಬ್ಲಾಗಿನಲ್ಲಿ ಕವನ ಬರೀತೀರಲ್ಲ, ಅದರಲ್ಲಿರೋದೂ ಇದೇ ಜಿಯೋಸ್ಮಿನ್! ಮಳೆಯಲ್ಲಿ ಬಂದರೆ ಕವಿತೆ, ಮೀನಿನಲ್ಲಿ ಬಂದರೆ ಛೀ. ಹುಳಿ ತಾಗಿದರೆ ಅದು ಒಡೆದುಹೋಗುತ್ತೆ. ನಮ್ಮ ಅವ್ವಂದಿರು ಮೀನಿನ ಸಾರಿಗೆ ಹುಣಸೆಹುಳಿ ಸುಮ್ಮನೆ ಹಿಂಡಿದ್ದಲ್ಲ. ಕೆಮಿಸ್ಟ್ರಿ ಗೊತ್ತಿರಲಿಲ್ಲ, ಮೀನು ಗೊತ್ತಿತ್ತು.

ಆದರೆ ಈ ಹೊಳೆಗೆ ನಾವು ಏನು ಮಾಡಿದೆವು? 1953ರಲ್ಲಿ ಡ್ಯಾಂ ನೀರು ತುಂಬಿಕೊಂಡಿತು. ನಮ್ಮ ಭತ್ತ, ಕಬ್ಬು, ಬಾಳೆ ಎಲ್ಲ ಅದರ ಋಣ, ಅಲ್ಲಗಳೆಯಲ್ಲ. ಆದರೆ ಹೊಸನೀರು ಬಂದಾಗ ಮೊಟ್ಟೆಯಿಡೋಕೆ ಹೊಳೆಗೆ ಎದುರಾಗಿ ಏರುವ ಮೀನಿಗೆ ಅದು ಗೋಡೆ. ಆಮೇಲೆ ಜಲಾಶಯಕ್ಕೆ ಉತ್ತರದ ನದಿಗಳ ರೋಹು, ಮೃಗಾಲ್ ಮರಿಗಳ ಬಿತ್ತನೆ. ಜಿಲೇಬಿ ಮೀನು ಕರೆಯದೇ ಬಂದ ನೆಂಟ, ಹೋಗೋದೇ ಇಲ್ಲ. ಬಾಳೆ ಮೀನು ಈಗ ಜಾಗತಿಕವಾಗಿ ಐಯುಸಿಎನ್‌ನ ಅಪಾಯದ ಪಟ್ಟಿಯಲ್ಲಿದೆ. ಇದರ ಮೇಲೆ ತೋಟೆ. ನೀರಿಗೆ ತೋಟೆ ಎಸೆದರೆ ಮೀನಿನ ಒಳಗಿನ ಗಾಳಿಚೀಲ ಒಡೆದು ರಕ್ತ ಕಟ್ಟುತ್ತೆ. ತೇಲಿದ್ದನ್ನ ಬಾಚಿಕೊಳ್ತಾರೆ, ಮುಳುಗಿದ್ದು ಅಲ್ಲೇ ಕೊಳೆಯುತ್ತೆ, ಮರಿಮೊಟ್ಟೆಯ ಲೆಕ್ಕ ಇಡುವವರಿಲ್ಲ. ಇದು ಅಪರಾಧ ಅಂತ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಇದೆ!

2015ರಲ್ಲಿ ಡ್ಯಾಂ ಹತ್ತಿರದ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನ ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಸರಕಾರ ಘೋಷಿಸಿತು. ದೇಶದಲ್ಲೇ ಮೊದಲನೆಯದು. ಹಂಪಿ ಅದರ ನಟ್ಟನಡುವೆ ಬರುತ್ತೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೀರುನಾಯಿ ಇದೆ ಅಂದ್ರೆ ಮೀನಿದೆ ಅಂತ ಅರ್ಥ. ಅದು ತೂಕ ಹಾಕಿ ಮಾರೋಕೆ ಹಿಡಿಯಲ್ಲ, ಪಟ್ಟಿ ಮಾಡಲ್ಲ, ಹೊಟ್ಟೆ ತುಂಬಿದ ಮೇಲೆ ಬಂಡೆ ಮೇಲೆ ಹೊರಳಾಡುತ್ತೆ. ಹರಿಗೋಲಿನಲ್ಲಿ ಬಲೆ ಬೀಸುವ ನಮ್ಮ ಗಂಗಾಮತಸ್ಥ ಅಣ್ಣಂದಿರಿಗೂ ಅದಕ್ಕೂ ಆಗಾಗ ಜಗಳ ಉಂಟು, ಬಲೆ ಹರಿಯುತ್ತೆ ಅಂತ. ಆದರೆ ತೋಟೆ ಎಸೆಯುವವನು ಇಬ್ಬರಿಗೂ ಶತ್ರು. ತೋಟೆಯವನ ಮೀನನ್ನ ಅಗ್ಗ ಅಂತ ಕೊಳ್ಳುವ ನಾವೂ.

ಹಾಗಾಗಿ ಪಟ್ಟಿಗಾರರೇ, ನಿಮ್ಮ ರುಚಿಯ ಮೇಲೆ ನಿಮಗೆ ಅಷ್ಟು ನಂಬಿಕೆ ಇದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಈ ಕಡೆ ಬಂದಾಗ ದನಿ ತಗ್ಗಿಸಬೇಡಿ. ದನಿ ಎತ್ತಿಯೇ ಕೇಳಿ, "ಇವತ್ತು ಹೊಳೆಯಲ್ಲಿ ಏನು ಸಿಕ್ಕಿತು? ಬಲೆಯದ್ದಾ, ತೋಟೆಯದ್ದಾ?". ಕಿವಿರು ಎತ್ತಿ ನೋಡಿ, ರೇಟು ಸ್ವಲ್ಪ ಜಾಸ್ತಿಯಾದರೂ ಬಲೆಯ ಮೀನೇ ಕೊಳ್ಳಿ. ಕೊರಮೀನು, ಹಾವುಮೀನು, ರೋಹು ಮೂರನ್ನೂ ಒಂದೇ ದಿನ ಬರೀ ಉಪ್ಪು, ಅರಿಶಿನ, ಸ್ವಲ್ಪ ಹುಳಿ ಹಾಕಿ ಮಾಡಿಸಿ, ಮಸಾಲೆ ಇಲ್ಲದೆ. ಕಣ್ಣುಮುಚ್ಚಿ ತಿಂದು ಯಾವುದು ಯಾವುದು ಅಂತ ಹೇಳಿ. ಹೇಳಿದರೆ ನಿಮ್ಮ ನಾಲಿಗೆಗೆ ನನ್ನ ದೊಡ್ಡ ನಮಸ್ಕಾರ. ಹೇಳೋಕಾಗದಿದ್ದರೆ, ಕೌಜುಗದ ರ‍್ಯಾಂಕಿನ ಮಾತು ಅಲ್ಲಿಗೇ ಬಿಡಿ.

ಬೇರೆ ಬೇರೆ ಊರಿನ ಬ್ಲಾಗಿಗರೇ, ನಿಮ್ಮ ನಿಮ್ಮ ಹೊಳೆ, ಕೆರೆಗಳಲ್ಲಿ ಇನ್ನೂ ಸಿಗುತ್ತಿರೋ ಮೀನುಗಳ ಹೆಸರನ್ನ, ನಿಮ್ಮೂರ ಮಾತಿನಲ್ಲೇ, ಬರೆದು ಹಾಕ್ತೀರಾ? ಆ ಪಟ್ಟಿಯನ್ನ ನಾನೂ ಖುಷಿಯಿಂದ ಓದ್ತೀನಿ.